ಹೊಡೆಯದೆ ಹೊಡೆಯುವ ಪಾಠ

ಆಗ ನಮ್ಮ ಶಾಲೆಯಲ್ಲಿ ಯಾರಿಗಾದರೂ ಏಟು ಬೀಳದೆ ಒಂದು ದಿನವೂ ಮುಗಿಯುತ್ತಿರಲಿಲ್ಲ. ಪ್ರಾರ್ಥನೆಗೆ ತಡವಾಗಿ ಬಂದರೆ ಪಿ.ಟಿ. ಮಾಸ್ಟರು ಮೀನಖಂಡಕ್ಕೆ ಬೆತ್ತ ಬೀಸುತ್ತಿದ್ದರು. ಲೆಕ್ಕ ತಪ್ಪಿದರೆ ಲೆಕ್ಕದ ಮಾಸ್ಟರು ಮರದ ಸ್ಕೇಲನ್ನು ಅಡ್ಡಕ್ಕೆ ತಿರುಗಿಸಿ ಬೆರಳ ಗೆಣ್ಣಿಗೆ ಕೊಡುತ್ತಿದ್ದರು. ಮೇಲಿಂದ ಬಂದದ್ದನ್ನು ನಾವು ನಮ್ಮ ನಮ್ಮಲ್ಲೇ ಹಂಚಿಕೊಳ್ಳುತ್ತಿದ್ದೆವು. ಬಿಸಿಯೂಟದ ಸಾಲಿನಲ್ಲಿ ಸಾಂಬಾರಿನ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ತಳ್ಳಾಟ, ಗುದ್ದಾಟ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಜುಟ್ಟು ಎಳೆದಾಟ. ಬನಶಂಕರಿ ಕಡೆಯ ಒಂದು ಸರ್ಕಾರಿ ಶಾಲೆ, ಹೆಸರು ಬೇಡ. ನಿಮ್ಮ ಶಾಲೆಯೂ ಹೆಚ್ಚು ಕಡಿಮೆ ಹಾಗೇ ಇದ್ದಿರಬಹುದು.

ಎಂಟನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದವಳು ನಾನು. ಹುಡುಗರೂ ನನ್ನ ಬೆಂಚಿನ ಪಕ್ಕ ಸುಮ್ಮನೆ ಹಾದುಹೋಗುತ್ತಿದ್ದರು. ಆ ವಿದ್ಯೆ ನನಗೆ ಮನೆಯಲ್ಲೇ ಬಂದದ್ದು. ನಮ್ಮಪ್ಪ ಹೊಸಕೆರೆಹಳ್ಳಿಯ ಹಳೇ ಒಕ್ಕಲಿನವರು. ರಾಗಿ ಬೆಳೆಯುತ್ತಿದ್ದ ಹೊಲ ಸೈಟಾಗಿ, ಸೈಟಿನ ಮೇಲೆ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ಊರಲ್ಲಿ ಎಲ್ಲರೂ ಅವರಿಗೆ ನಮಸ್ಕಾರ ಹಾಕುತ್ತಿದ್ದರು. ಮನೆಯೊಳಗೆ ಅವರ ಸೊಂಟದ ಬೆಲ್ಟು ಯಾವಾಗ ಕೈಗೆ ಬರುತ್ತದೆ ಎಂದು ಅಮ್ಮನಿಗೂ ನನಗೂ ಹೇಳಲು ಬರುತ್ತಿರಲಿಲ್ಲ. ಮುದ್ದೆ ಗಂಟಾದರೂ ಸಾಕು, ಅಮ್ಮ ಎದುರು ಮಾತಾಡಿದರೂ ಸಾಕು, ಮಾತಾಡದೆ ಇದ್ದರೂ ಸಾಕು.

ಆ ಬಾಡಿಗೆ ಮನೆಗಳಲ್ಲಿ ಕೊನೆಯದಕ್ಕೆ, ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡಿದ್ದ ಶೀಟಿನ ಮನೆಗೆ, ಬಾಗಲಕೋಟೆ ಕಡೆಯ ಒಂದು ಸಂಸಾರ ಬಂತು. ಅವರ ಮಗಳು ರೇಣುಕಾ ನನ್ನ ಕ್ಲಾಸಿಗೇ ಸೇರಿದಳು. ಉದ್ದ ಜಡೆ, ಸಣಕಲು ಕೈಕಾಲು. ಅವಳ ಮಾತನ್ನು ನಾನು ಮೊದಲ ದಿನದಿಂದಲೇ ಅಣಕಿಸತೊಡಗಿದೆ. "ಹೊಂಟಾಳ ನೋಡ್ರಲೇ, ಬರಾಕತ್ತಾಳ ನೋಡ್ರಲೇ" ಎಂದು ನಾನು ರಾಗ ಎಳೆದರೆ ಇಡೀ ಕ್ಲಾಸು ನಗುತ್ತಿತ್ತು. ಎರಡು ತಿಂಗಳು ಸಹಿಸಿದಳು. ಆಮೇಲೊಂದು ದಿನ ಎಲ್ಲರ ಮುಂದೆ ತಿರುಗಿ ನಿಂತು, "ನಿಮ್ಮಪ್ಪ ನಿಮ್ಮವ್ವಗ ಹೊಡಿಯೂದು ದಿನಾ ಗ್ವಾಡಿ ಆಚೆ ಕೇಳತೈತಿ. ಮೊದಲ ಅದನ್ನ ನೋಡ್ಕೋ ಹೋಗ" ಅಂದಳು.

ನನ್ನ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ ಇತ್ತು. ಅದರಿಂದಲೇ ಹೊಡೆದೆ. ಅವಳ ಹುಬ್ಬು ಸೀಳಿ ರಕ್ತ ಸಮವಸ್ತ್ರದ ಮೇಲೆಲ್ಲ ಇಳಿಯಿತು. ಅವಳು ನನ್ನ ಮೇಲೆ ಬಿದ್ದು ತೋಳು ಕಚ್ಚಿದಳು. ಪಿ.ಟಿ. ಮಾಸ್ಟರು ಇಬ್ಬರನ್ನೂ ಬಿಡಿಸಿ, ಬಿಡಿಸಿದ ಮೇಲೆ ಇಬ್ಬರಿಗೂ ಬೆತ್ತ ಮುರಿಯುವ ಹಾಗೆ ಬಾರಿಸಿದರು. ಆಗಲೂ ನಾವು ಒಬ್ಬರ ಮುಖ ಒಬ್ಬರು ದುರುಗುಟ್ಟಿ ನೋಡುತ್ತಲೇ ಇದ್ದೆವು.

ದಸರೆ ರಜೆ ಮುಗಿದ ಮೇಲೆ ನಮ್ಮ ಶಾಲೆಗೂ ಜಯನಗರದ ಒಂದು ನಾಟಕ ತಂಡಕ್ಕೂ ಒಪ್ಪಂದವಾಯಿತು. ಶನಿವಾರದ ಕೊನೆಯ ಎರಡು ಪಿರಿಯಡ್ಡು ಅವರಿಗೆ. ಅವರು ವರ್ಷ ವರ್ಷವೂ ಬಂದು ಎಂಟನೆಯವರಿಗೆ ನಾಟಕ ಕಲಿಸುವುದು, ಕೊನೆಗೆ ನಾವು ಅವರ ಹಾಲಿಗೆ ಹೋಗಿ ನಿಜವಾದ ರಂಗದ ಮೇಲೆ ಆಡುವುದು. ಹೆಡ್ ಮೇಡಂ ಪ್ರಾರ್ಥನೆಯಲ್ಲಿ ಇದನ್ನು ಹೇಳಿದಾಗ ನಾವು ಚಪ್ಪಾಳೆ ತಟ್ಟಿದ್ದು ಲೆಕ್ಕದ ಪಿರಿಯಡ್ಡು ತಪ್ಪಿತೆಂಬ ಖುಷಿಗೆ.

ಬಂದವರು ವಸುಧಾ ಅಕ್ಕ. ಕತ್ತರಿಸಿದ ಕೂದಲು, ಕಾಲಿಗೆ ಹವಾಯಿ ಚಪ್ಪಲಿ. "ನನ್ನನ್ನ ಮಿಸ್ ಅನ್ಬೇಡಿ, ಅಕ್ಕ ಅನ್ನಿ" ಅಂದರು. ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿಸಿ ನೆಲದ ಮೇಲೆ ಕೂರಿಸಿದರು. "ನಿಮ್ಮ ಏರಿಯಾದಲ್ಲಿ ದಿನಾ ನಡೆಯೋ ಒಂದು ವಿಷಯ ಹೇಳಿ, ಅದನ್ನೇ ನಾಟಕ ಮಾಡೋಣ" ಅಂದಾಗ ಎಲ್ಲರ ಬಾಯಲ್ಲೂ ಒಂದೇ ಉತ್ತರ: ನೀರಿನ ಟ್ಯಾಂಕರ್ ಜಗಳ. ಟ್ಯಾಂಕರ್ ಬರುತ್ತದೆ, ಹೆಂಗಸರು ಬಿಂದಿಗೆ ಹಿಡಿದು ಓಡುತ್ತಾರೆ, ಇಬ್ಬರು ಜಗಳಕ್ಕೆ ಬಿದ್ದು ಬಡಿದಾಡುತ್ತಾರೆ, ಅವರನ್ನು ನೋಡುತ್ತ ಎಲ್ಲರೂ ನಿಂತಿರುವಾಗ ನೀರು ಖಾಲಿಯಾಗಿ ಟ್ಯಾಂಕರ್ ಹೊರಟುಹೋಗುತ್ತದೆ. ಅಷ್ಟೇ ಕಥೆ.

"ಬಡಿದಾಡೋ ಇಬ್ರು ಯಾರು ಆಗ್ತೀರಿ?"

ಇಡೀ ಕ್ಲಾಸು ನನ್ನನ್ನೂ ರೇಣುಕಾಳನ್ನೂ ತೋರಿಸಿತು.

ಅಕ್ಕ ಅವಳ ಹುಬ್ಬಿನ ಗಾಯದ ಕಲೆ ನೋಡಿದರು, ನನ್ನನ್ನು ನೋಡಿದರು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕಪಾಳಕ್ಕೆ ಹೊಡೆಯುವುದನ್ನು ಕಲಿಸಿದರು. ಹೊಡೆಯುವವಳ ಕೈ ಕೆನ್ನೆಯಿಂದ ಒಂದು ಗೇಣು ದೂರದಲ್ಲೇ ಹಾದುಹೋಗಬೇಕು. ಅದೇ ಕ್ಷಣಕ್ಕೆ ಏಟು ತಿನ್ನುವವಳು ಎದೆಯ ಹತ್ತಿರ, ಜನರಿಗೆ ಕಾಣದ ಹಾಗೆ ತನ್ನ ಎರಡು ಕೈಗಳನ್ನೂ ತಟ್ಟಬೇಕು, ಮುಖವನ್ನು ಸರಕ್ಕನೆ ತಿರುಗಿಸಬೇಕು. ಕೂದಲು ಹಿಡಿದು ಎಳೆಯುವುದು ಇನ್ನೂ ವಿಚಿತ್ರ. ನಾನು ಬರೀ ಮುಷ್ಟಿಯನ್ನು ಅವಳ ತಲೆಯ ಮೇಲೆ ಇಡಬೇಕು, ಅವಳೇ ಎರಡು ಕೈಯಲ್ಲಿ ನನ್ನ ಮಣಿಕಟ್ಟನ್ನು ತಲೆಗೆ ಒತ್ತಿ ಹಿಡಿದುಕೊಂಡು ಎಳೆಸಿಕೊಂಡವಳಂತೆ ತಾನೇ ನಡೆಯಬೇಕು.

"ಇಲ್ಲಿ ಯಾರು ಏಟು ತಿಂತಾರೋ ಅವ್ರೇ ಯಜಮಾನರು" ಎಂದು ಅಕ್ಕ ಹೇಳಿಕೊಟ್ಟರು. "ಅವಳು ರೆಡಿ ಅಂತ ಕಣ್ಣಲ್ಲಿ ಹೇಳೋವರೆಗೂ ನಿನ್ನ ಕೈ ಏಳಬಾರದು. ತಿಳೀತಾ ಪವಿ?"

ಇಂಥ ಮಾತನ್ನು ನಾನು ಕೇಳಿರಲಿಲ್ಲ. ಮೊದಲ ಶನಿವಾರ ರೇಣುಕಾ ನನ್ನ ಕೈ ಮೇಲೆದ್ದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದಳು. ಮೂರನೆಯ ಶನಿವಾರಕ್ಕೆ ಅವಳ ಕಣ್ಣು ತೆರೆದೇ ಇತ್ತು. ಐದನೆಯದಕ್ಕೆ ನಮ್ಮ ಏಟಿನ ಸದ್ದು ಕೇಳಿ ಪಕ್ಕದ ಕ್ಲಾಸಿನ ಟೀಚರ್ ಓಡಿಬಂದರು, ನಾವಿಬ್ಬರೂ ನೆಲದ ಮೇಲೆ ಬಿದ್ದು ನಕ್ಕೆವು. ಆಮೇಲಿಂದ ಅವಳ ಡಬ್ಬಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ ನನ್ನ ಪಾಲಿಗೂ ಬಂತು. ಗೇಟಿನ ಮುಂದೆ ಉಪ್ಪು ಖಾರ ಹಾಕಿದ ನೆಲ್ಲಿಕಾಯಿಯನ್ನು ಇಬ್ಬರೂ ಕಚ್ಚಿಕೊಂಡು ಮನೆಗೆ ನಡೆಯುತ್ತಿದ್ದೆವು. ಗೋಡೆಯ ಆಚೆ ಕೇಳುವ ಸದ್ದಿನ ಬಗ್ಗೆ ಅವಳು ಮತ್ತೆಂದೂ ಬಾಯಿ ಬಿಡಲಿಲ್ಲ. ಅಮ್ಮನಿಗೆ ಏಟು ಬಿದ್ದ ಮಾರನೆಯ ದಿನ ಮಾತ್ರ, ಒಂದು ರೊಟ್ಟಿ ಹೆಚ್ಚು ತರುತ್ತಿದ್ದಳು.

ನಮ್ಮ ನಾಟಕ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಆ ದಿನ ಎಂಟಕ್ಕೆಲ್ಲ ಅಪ್ಪ ಅಡುಗೆಮನೆಯಲ್ಲಿ ಅಮ್ಮನ ತೋಳು ತಿರುಚಿ ಹಿಡಿದಿದ್ದರು. ಉಪ್ಪಿಟ್ಟಿನ ಬಾಣಲೆ ನೆಲಕ್ಕೆ ಬಿದ್ದು ಬಿಸಿ ರವೆ ಅಮ್ಮನ ಪಾದದ ಮೇಲೆ ಚೆಲ್ಲಿತ್ತು. ನಾನು ನಡುವೆ ನುಗ್ಗಿದೆ. ಬೆಲ್ಟು ನನ್ನ ಬೆನ್ನ ಮೇಲೆ ಬಿತ್ತು. ಎರಡನೆಯ ಏಟಿಗೆ ನನಗೆ, ರಂಗದ ಮೇಲೆ ನೋವಾಗದ ಹಾಗೆ ಬೀಳಲು ಅಕ್ಕ ಕಲಿಸಿದ್ದ ಪಟ್ಟು ನೆನಪಾಯಿತು. ಮಂಡಿ ಮಡಚಿ, ತೊಡೆಯ ಪಕ್ಕಕ್ಕೆ ಉರುಳಿ, ಜೀವ ಹೋದವಳಂತೆ ಬಿದ್ದೆ. ಬಿದ್ದರೆ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ.

"ನನ್ ಮುಂದೇನೇ ನಾಟ್ಕ ಆಡ್ತೀಯೇನಮ್ಮಿ?" ಎಂದು ಅಪ್ಪ ನಕ್ಕರು. ಬಿದ್ದವಳಿಗೇ ಇನ್ನೂ ನಾಲ್ಕು ಬಾರಿಸಿದರು.

ಅದಾದ ಮೇಲೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಚಿನ್ನದ ಸರ ಹೊರಗೆ ಕಾಣುವಂತೆ ಬಿಟ್ಟುಕೊಂಡು ಅವರೂ ನಾಟಕಕ್ಕೆ ಹೊರಟರು. ಶಾಲೆಗೆ ಬೆಂಚು ಕೊಡಿಸಿದವರೆಂದು ಹೆಡ್ ಮೇಡಂ ಅವರನ್ನು ಮುಂದಿನ ಸಾಲಿಗೇ ಕರೆದಿದ್ದರು.

ಬಣ್ಣದ ಕೋಣೆಯಲ್ಲಿ ವಸುಧಾ ಅಕ್ಕ ನನಗೆ ಸೀರೆ ಉಡಿಸಿ ರವಿಕೆಗೆ ಪಿನ್ನು ಹಾಕುತ್ತಿದ್ದರು. ಅವರ ಕೈ ಬೆನ್ನ ಮೇಲೆ ನಿಂತುಹೋಯಿತು.

"ಪವಿ, ಇದು ಯಾವಾಗ ಆಗಿದ್ದು?"

"ಬಿದ್ದೆ ಅಕ್ಕ."

"ಇವತ್ತು ಬೇಡ ಅನ್ಸಿದ್ರೆ ಬೇಡ. ನಿನ್ನ ಪಾರ್ಟ್ ನಾನೇ ಮಾಡ್ತೀನಿ, ಯಾರೂ ಏನೂ ಅನ್ನಲ್ಲ."

"ಮಾಡ್ತೀನಿ ಅಕ್ಕ." ಪರದೆಯ ಧೂಳಿನ ವಾಸನೆ, ಮುಖಕ್ಕೆ ಬಳಿದ ಬಣ್ಣದ ವಾಸನೆ ಸೇರಿ ಮೂಗಿಗೆ ಅಡರುತ್ತಿತ್ತು. ಆದರೂ ರಂಗದ ಆ ಬೆಳಕಿಗೆ ಹೋಗಬೇಕು ಅಂತಲೇ ಇತ್ತು.

ಅರ್ಧ ನಾಟಕ ಚೆನ್ನಾಗಿಯೇ ನಡೆಯಿತು. ಬಿಂದಿಗೆಗಳು ಉರುಳಿದವು, ಜನ ನಕ್ಕರು. ರೇಣುಕಾ ನನ್ನ ಎದುರು ಬಂದು ನಿಂತು ಸೊಂಟಕ್ಕೆ ಕೈಯಿಟ್ಟಳು. ಅವಳ ಕಣ್ಣು ಇನ್ನೂ ರೆಡಿ ಅಂದಿರಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಪ್ಪನ ದನಿ ಬಂತು: "ನೋಡ್ತಾ ಏನ್ ನಿಂತಿದ್ದೀಯಮ್ಮಿ? ಒಂದ್ ಬಿಡು!"

ಹಾಲೆಲ್ಲ ಗೊಳ್ಳೆಂದಿತು. ಅಪ್ಪ ಬೆಳಿಗ್ಗೆ ನಕ್ಕ ಹಾಗೆಯೇ ನಗುತ್ತಿದ್ದರು. ಬೆನ್ನು ಉರಿಯಿತು. ನನ್ನ ಕೈ ಎದ್ದದ್ದು ನನಗೆ ಗೊತ್ತು, ತಡೆಯಬಹುದಿತ್ತೆಂಬುದೂ ಗೊತ್ತು. ತಡೆಯಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ರೇಣುಕಾಳ ಬಾಯಿಯ ಮೇಲೆ ಹೊಡೆದೆ.

ಅವಳು ತೂರಾಡಿ ಬಿಂದಿಗೆಯೊಂದರ ಮೇಲೆ ಬಿದ್ದಳು. ಎದ್ದಾಗ ಕೆಳತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಜನ ಅದನ್ನು ಬಣ್ಣವೆಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಕಂಬದ ಹಾಗೆ ನಿಂತುಬಿಟ್ಟೆ. ಮುಂದಿನ ಮಾತು, ಮುಂದಿನ ಹೆಜ್ಜೆ ಯಾವುದೂ ನೆನಪಿರಲಿಲ್ಲ. ರೇಣುಕಾ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಷ್ಟಿಯನ್ನು ತಾನೇ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡು, ಎರಡು ಕೈಗಳಿಂದ ಮಣಿಕಟ್ಟನ್ನು ಒತ್ತಿ ಹಿಡಿದಳು. "ಅಂಜಬ್ಯಾಡ, ಮುಂದ ನಡಿ" ಅಂದಳು, ತುಟಿ ಅಲುಗಿಸದೆ. ನನ್ನನ್ನು ಎಳೆದುಕೊಂಡು ರಂಗದ ತುಂಬ ಸುತ್ತಿದಳು. ನೋಡಿದವರಿಗೆ ನಾನೇ ಅವಳನ್ನು ಎಳೆದಾಡಿದಂತೆ ಕಂಡಿರಬೇಕು. ಟ್ಯಾಂಕರ್ ಹೋಯಿತು, ನಾಟಕ ಮುಗಿಯಿತು.

ಹೊರಗೆ ಬಂದಾಗ ಅಪ್ಪ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಬೆಲ್ಟಿನ ಬಾಸುಂಡೆಗಳ ಮೇಲೆಯೇ. "ಸಖತ್ತಾಗಿತ್ತು ಕಣಮ್ಮಿ! ಆ ಒಂದ್ ಏಟು ಐತಲ್ಲ, ಅದು ನಮ್ಮನೆ ಏಟು!" ನನ್ನ ಇಡೀ ಬಾಲ್ಯದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ವಸುಧಾ ಅಕ್ಕ ರೇಣುಕಾಳ ತುಟಿಗೆ ಐಸು ಒತ್ತುತ್ತಿದ್ದರು. ನಾನು ಹೋಗಿ ನಿಂತೆ. "ಸದ್ದು ಇವಳು ಕೈ ತಟ್ಟಿ ಬಂದಿದ್ದಲ್ಲ ಅಲ್ವಾ ಪವಿ?" ಎಂದರು. ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ರೇಣುಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ರೇಣುಕಾಳ ಬಾಯಿ ಬದನೆಕಾಯಿಯ ಹಾಗೆ ಊದಿತ್ತು. ಹೆಡ್ ಮೇಡಂ ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ವಸುಧಾ ಅಕ್ಕನೂ ಅಲ್ಲಿದ್ದರು.

"ಏನೇ ಇದು?"

"ನಾಟಕದಾಗ ಆತ್ರಿ. ಜಾರಿ ಬಿದ್ದೆ" ಎಂದಳು ರೇಣುಕಾ.

"ಬಿದ್ರೆ ಹಿಂಗಾಗತ್ತಾ? ಪವಿತ್ರಾ, ನಿಜ ಹೇಳು. ಹೊಡೆಯೋದನ್ನ ಇವರೇ ಹೇಳ್ಕೊಟ್ರಾ, ಇಲ್ಲಾ ನೀನೇ ಬೇಕು ಅಂತ ಹೊಡೆದ್ಯಾ? ನಿಮ್ಮಪ್ಪನ್ನ ಕರೆಸ್ಲಾ?"

ಅಪ್ಪ ಬರುತ್ತಾರೆ. ರೇಣುಕಾಳ ಅಪ್ಪ ಅಮ್ಮನೂ ಬರುತ್ತಾರೆ. ಬಾಡಿಗೆಯವರು ತಮ್ಮ ಮಗಳ ಮೇಲೆ ದೂರು ಹೇಳಿದರೆಂದು ಅಪ್ಪ ಏನು ಮಾಡುತ್ತಾರೆ, ಅದಾದ ಮೇಲೆ ಮನೆಯಲ್ಲಿ ನನಗೂ ಅಮ್ಮನಿಗೂ ಏನಾಗುತ್ತದೆ, ಎಲ್ಲವೂ ಒಂದೇ ಉಸಿರಿಗೆ ಕಣ್ಣ ಮುಂದೆ ಬಂತು.

"ಅವ್ರೇ ಹೇಳ್ಕೊಟ್ಟಿದ್ದು ಮೇಡಂ" ಅಂದೆ.

ರೇಣುಕಾ ಥಟ್ಟನೆ ನನ್ನ ಕಡೆ ತಿರುಗಿದಳು. ವಸುಧಾ ಅಕ್ಕ ನನ್ನನ್ನೇ ನೋಡಿದರು. ಅವರ ಕಣ್ಣು ನನ್ನ ಮುಖದಿಂದ ಭುಜಕ್ಕೆ, ಬೆನ್ನ ಕಡೆಗೆ ಸರಿಯಿತು. "ಹೌದು ಮೇಡಂ. ಸರಿಯಾಗಿ ಪ್ರಾಕ್ಟೀಸ್ ಮಾಡಿಸ್ಲಿಲ್ಲ. ತಪ್ಪು ನಂದೇ. ಮಕ್ಕಳಿಗೆ ಏನೂ ಅನ್ಬೇಡಿ" ಎಂದರು. ಹೊರಡುವ ಮುಂಚೆ ಮೇಡಂಗೆ ಇನ್ನೊಂದು ಮಾತು ಹೇಳಿದರು: "ಈ ಹುಡುಗಿ ಬೆನ್ನು ಒಂದ್ಸಲ ನೋಡಿ ಮೇಡಂ." ಮೇಡಂ ನೋಡಲಿಲ್ಲ. ಒಪ್ಪಂದವನ್ನು ಮಾತ್ರ ಅಂದೇ ನಿಲ್ಲಿಸಿದರು.

ಮುಂದಿನ ಶನಿವಾರ ಕೊನೆಯ ಎರಡು ಪಿರಿಯಡ್ಡು ಮತ್ತೆ ಲೆಕ್ಕಕ್ಕೆ ಹೋದವು, ಸ್ಕೇಲು ಮತ್ತೆ ಗೆಣ್ಣಿಗೆ ಬಿತ್ತು. ರೇಣುಕಾ ಬೆಂಚು ಬದಲಿಸಿದಳು. ತಿಂಗಳೊಳಗೆ ಅವರು ಶೀಟಿನ ಮನೆ ಖಾಲಿ ಮಾಡಿ ಬಿ.ಟಿ.ಎಂ. ಕಡೆ ಹೋದರು. ಅವಳು ಟೆಂಪೋ ಹತ್ತುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಕ್ಷಮಿಸು ಎಂದು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ಈಗ ನಾನು ಸುಬ್ರಹ್ಮಣ್ಯಪುರದ ಕಡೆ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಬೆತ್ತ ಹಿಡಿಯುವ ಹಾಗಿಲ್ಲ, ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆ. ಹೋದ ಜೂನಿನಲ್ಲಿ ಒಂದು ನಾಟಕ ತಂಡದಿಂದ ಪತ್ರ ಬಂದಿತ್ತು, ಮಕ್ಕಳಿಗೆ ಕಲಿಸುತ್ತೇವೆಂದು. ನಮ್ಮ ಹೆಡ್ ಮಾಸ್ಟರು ಕನ್ನಡಕ ತೆಗೆದು, "ಬೇಡ ಮೇಡಂ. ಹಿಂದೆ ಬನಶಂಕರಿ ಕಡೆ ಯಾವ್ದೋ ಸ್ಕೂಲಲ್ಲಿ ನಾಟಕದವರು ಮಕ್ಕಳಿಗೆ ಹೊಡೆದಾಡೋದು ಕಲ್ಸಿ, ಒಂದು ಹುಡುಗಿ ಬಾಯಿ ಒಡೆದುಹೋಯ್ತಂತೆ" ಎಂದರು.

"ಅವರು ಕಲಿಸಿದ್ದು ಹೊಡೆಯದೆ ಇರೋದನ್ನ ಸಾರ್. ಹೊಡೆದದ್ದು ನಾನು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಬಿಡಿ ಮೇಡಂ, ಆಗ ನೀವು ಚಿಕ್ಕೋರು" ಎಂದು ಪತ್ರವನ್ನು ಬೇರೆ ಕಾಗದಗಳ ಅಡಿಗೆ ಸರಿಸಿದರು.

ನಮಗೆ ಸಿಕ್ಕಿದ್ದು ಹನ್ನೊಂದು ಶನಿವಾರ. ನಮ್ಮ ನಂತರ ಆ ಶಾಲೆಯಲ್ಲಿ ಎಂಟನೇ ಕ್ಲಾಸು ಓದಿದ ಮಕ್ಕಳಿಗೆ ಒಂದೂ ಸಿಗಲಿಲ್ಲ. ಬೆಂಚುಗಳನ್ನು ಗೋಡೆಗೆ ತಳ್ಳಿ, ಎದುರು ನಿಂತವಳ ಕಣ್ಣು ನೋಡಿ ಕೈಯನ್ನು ತಡೆದು ನಿಲ್ಲಿಸಿಕೊಳ್ಳುವುದು ಅವರಲ್ಲಿ ಯಾರಿಗೆಲ್ಲ ಬೇಕಾಗಿತ್ತೋ ನನಗೆ ಗೊತ್ತಿಲ್ಲ. ಬೇಕಾಗಿದ್ದವರು ಇದ್ದೇ ಇದ್ದರು. ಅವರ ಪಾಲನ್ನು ಕಸಿದುಕೊಂಡವಳು ನಾನು.