ಅಂಜಿಕೆಗೆ ಆಪ್ಷನ್ ಇಲ್ಲ

ಅಮೆರಿಕದ ಅಜ್ಜಿಯೊಬ್ಬರು ಮೊನ್ನೆ ನನ್ನ ಸಂಧ್ಯಾವಂದನೆಯ ಏಕಾಗ್ರತೆಯನ್ನು ಕದಡಿದರು.

ಸೊಸೆ ವಿದ್ಯಾ ಪವಾಯಿಯ ಸಮೀಕ್ಷಾ ಕಂಪನಿಯೊಂದರ ಉದ್ಯೋಗಿ. ಅಮೆರಿಕದ ಮತದಾರರಿಗೆ ಮನೆಯಿಂದಲೇ ಫೋನ್ ಮಾಡಿ ಅಭಿಪ್ರಾಯ ಕೇಳುತ್ತಾಳೆ. ಮುಂಬಯಿಯ ಮುಲುಂಡಿನಲ್ಲಿ ನಮಗೆ ಬೆಳಗಿನ ಜಾವ, ಅಲ್ಲಿ ಹಿಂದಿನ ಸಂಜೆ. ಇತ್ತ ನನ್ನ ಅರ್ಘ್ಯ, ಅತ್ತ ಅವಳ ಪ್ರಶ್ನೆ. (ಜನಾಭಿಪ್ರಾಯಕ್ಕೆ ಅಲ್ಲಿ ಅಧ್ಯಕ್ಷರೂ ತಲೆಬಾಗುತ್ತಾರೆಂದು ಓದಿ ಬೆಳೆದವನು ನಾನು; ಕಿವಿ ಅತ್ತಲೇ.)

ಆ ದಿನ ಅವಳ ಮಾತು ನಡುವೆಯೇ ನಿಂತಿತು. ಏನಾಯಿತೆಂದು ಕೇಳಿದೆ. ಅಜ್ಜಿಯ ಬೀದಿಯಲ್ಲಿ ಎಲ್ಲರ ಅಂಗಳದಲ್ಲೂ ಒಬ್ಬನೇ ಅಭ್ಯರ್ಥಿಯ ಫಲಕವಂತೆ. ತನ್ನ ಮನಸ್ಸು ಬೇರೆ ಇದೆ, ಆದರೆ ಹೇಳಲಾರೆ ಎಂದು ಪಿಸುಗುಟ್ಟಿ ಫೋನ್ ಇಟ್ಟರಂತೆ.

"ನೀನು ಏನೆಂದು ದಾಖಲಿಸಿದೆ?"

"ಅಭಿಪ್ರಾಯ ಇಲ್ಲ ಅಂತ."

"ಇತ್ತಲ್ಲಮ್ಮ?"

"ಅಂಜಿಕಿ ಅನ್ನೋ ಆಪ್ಷನ್ ಇಲ್ರೀ ಮಾವಾ," ಎಂದಳು ಧಾರವಾಡದ ಹುಡುಗಿ.

ನಾನು ನಕ್ಕೆ. ಅಷ್ಟು ದೊಡ್ಡ ಪ್ರಜಾಪ್ರಭುತ್ವ, ಇಷ್ಟು ಪುಕ್ಕಲು ಪ್ರಜೆ!

ಆ ನಗು ಇಂದು ಬೆಳಗಿನವರೆಗೆ ಉಳಿಯಿತು. ನಮ್ಮ ಹೌಸಿಂಗ್ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ಒಂದು ಪೋಲ್ ಬಂದಿದೆ: ನೆಲಮಹಡಿಯ ಬಾಡಿಗೆದಾರರಾದ ಸುಮತಿಯವರಿಂದ ಮನೆ ಖಾಲಿ ಮಾಡಿಸಬೇಕೆ? ಉಡುಪಿ ಕಡೆಯ ವಿಧವೆ. ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳುಹಿಸಿ ಬದುಕುತ್ತಾರೆ. ಒಗ್ಗರಣೆಯ ವಾಸನೆ, ಬಂದುಹೋಗುವ ಜನ ಎಂಬ ದೂರು. ಯಾರು ಏನು ಒತ್ತಿದರೆಂಬುದು ಹೆಸರುಸಮೇತ ಎಲ್ಲರಿಗೂ, ಗ್ರೂಪಿನಲ್ಲೇ ಇರುವ ಸುಮತಿಯವರಿಗೂ, ಕಾಣುತ್ತದೆ. ಒತ್ತಿದವರೆಲ್ಲರೂ 'ಹೌದು'.

ಸೆಕ್ರೆಟರಿ ಫೋನಿನಲ್ಲಿ ಬಹಳ ವಿನಯದಿಂದಲೇ ಮಾತನಾಡಿದರು. "ಆಚಾರ್ಯಜೀ, ಬಸ್ ಆಪ್ ಕಾ ಬಾಕಿ ಹೈ." ನನ್ನದೊಂದೇ ಬಾಕಿಯಂತೆ. ಆಮೇಲೆ, ನಿಮ್ಮ ಪೂಜೆಯ ಗಂಟೆಯ ಬಗ್ಗೆಯೂ ಕೆಲವರು ದೂರು ಕೊಟ್ಟಿದ್ದಾರೆ, ನಾನೇ ತಡೆದಿದ್ದೇನೆ ಎಂದರು.

ಅವರು ಬೆದರಿಸಿದರೇ? ಇಲ್ಲವಲ್ಲ. ಆದರೂ ಇಂದು ಗಂಟೆಯ ನಾಲಗೆಯನ್ನು ಬೆರಳಲ್ಲಿ ಅದುಮಿ ಹಿಡಿದೇ ಮಂಗಳಾರತಿ ಎತ್ತಿದೆ.

ಸುಮತಿ ಎಂದಿನಂತೆ ಮಧ್ಯಾಹ್ನದ ಪೂಜೆಗೆ ತುಳಸಿ ತಂದರು. ಹೊಸ್ತಿಲಾಚೆಯೇ ನಿಂತು, "ನಿಮ್ಮ ಹೆಸರೊಂದು ಅದ್ರಲ್ಲಿ ಕಾಣ್ಲಿಲ್ಲ ಆಚಾರ್ರೇ. ನಂಗೆ ಅದೇ ಒಂದು ಧೈರ್ಯ," ಎಂದರು.

ನನ್ನ ಭಯವನ್ನು ಅವರು ಧೈರ್ಯವೆಂದು ಓದಿಕೊಂಡಿದ್ದಾರೆ.

ರಾತ್ರಿ ಎಂಟಕ್ಕೆ ಪೋಲ್ ಮುಗಿಯುತ್ತದೆ. ಈಗ ಏಳು. ಮೊಬೈಲು ಮುಂದಿದೆ, 'ಇಲ್ಲ' ಎಂಬ ಗುಂಡಿಯೂ ಅಲ್ಲೇ ಇದೆ.

ನಾನು ಒತ್ತದೆ ಉಳಿದರೆ, ಆ ಮೌನವನ್ನು ಯಾರ ಕಡೆಗೆ ಎಣಿಸುತ್ತಾರೆ?