ಎದುರು ಮೂಲೆಯ ಸ್ಕ್ರೂ

ಗೌಹರ ಸುಳ್ಳು ಹೇಳುವವಳಲ್ಲ ಎಂದು ಸವಣೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂಥವಳು ಹನ್ನೊಂದು ದಿನದಿಂದ, ಲಗ್ನಪತ್ರಿಕೆ ಛಾಪಿಸುವ ಕುತುಬುದ್ದೀನ ಚಾಚಾ ಅವರಿಗೆ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಸುಳ್ಳು ಹೇಳುತ್ತಿದ್ದಳು. "ಸಾಮಾನು ಹುಬ್ಬಳ್ಳಿಯಿಂದ ಇನ್ನೂ ಬಂದಿಲ್ಲರಿ ಚಾಚಾ."

ಸಾಮಾನೆಲ್ಲ ಬಂದಿತ್ತು. ಅವರ ಲ್ಯಾಪ್‌ಟಾಪು ಅವಳ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಬಿಸಿ ಎಳೆದುಕೊಳ್ಳುವ ತಾಮ್ರದ ಹೀಟ್‌ಸಿಂಕನ್ನು ಪ್ರೊಸೆಸರಿನ ಮೇಲೆ ಕೂರಿಸಿ ನಾಲ್ಕು ಸ್ಕ್ರೂ ಬಿಗಿದರೆ ಮುಗಿಯಿತು. ಕಾಲು ತಾಸಿನ ಕೆಲಸ. ಅವಳು ಬಿಗಿದಿರಲಿಲ್ಲ, ಅಷ್ಟೇ.

ಯಾಕೆ ಎಂದರೆ ರಾಜಶ್ರೀಯ ಸುದ್ದಿ ಹೇಳಬೇಕು. ಹತ್ತಿಮತ್ತೂರಿನವಳು. ಏಳು ವರ್ಷ ದಿನಾ ಬಸ್ಸಿಗೆ ಬಂದು ಗೌಹರಳ ಜೊತೆ ಕೆಲಸ ಮಾಡಿದವಳು. ಅವಳು ಬಂದ ಮೊದಲ ತಿಂಗಳೇ ಗೌಹರ ಅವಸರ ಮಾಡಿ ಒಂದು ಮೂಲೆಯ ಸ್ಕ್ರೂ ಪೂರ್ತಿ ಬಿಗಿದುಬಿಟ್ಟಳು. ಹೀಟ್‌ಸಿಂಕು ಓರೆಯಾಗಿ ಒತ್ತಿ, ಪ್ರೊಸೆಸರಿನ ಅಂಚಿನಿಂದ ಸಾಸಿವೆಯಷ್ಟು ಚೂರು ಸಿಡಿಯಿತು. ಯಾರದೋ ಹೊಸ ಲ್ಯಾಪ್‌ಟಾಪು ಹಾಳಾಗಿ ಹೋಯಿತು. ಗೌಹರ ತಲೆಯ ಮೇಲೆ ಕೈ ಹೊತ್ತು ಕೂತಾಗ, ರಾಜಶ್ರೀ ಇನ್ನೊಂದು ಸ್ಕ್ರೂಡ್ರೈವರ್ ಹಿಡಿದು ಎದುರಿಗೆ ಸ್ಟೂಲು ಎಳೆದುಕೊಂಡಳು.

"ನೀವು ಆ ಮೂಲಿ ಹಿಡೀರಿ ಅಕ್ಕಾ, ನಾ ಎದುರು ಮೂಲಿ ಹಿಡೀತೇನಿ. ಎಣಿಸ್ಕೋತ ಅರ್ಧರ್ಧ ಸುತ್ತು ತಿರುವೂಣು."

ಅಂದಿನಿಂದ ಅದೇ ಪದ್ಧತಿ. ಒಂದು ಎಂದರೆ ಇಬ್ಬರದೂ ಅರ್ಧ ಸುತ್ತು, ಎರಡು ಎಂದರೆ ಇನ್ನರ್ಧ. ಹಣೆಗೆ ಹಣೆ ತಾಗುವಷ್ಟು ಬಗ್ಗಿ ಎಣಿಸುತ್ತಿದ್ದರು. ಗೌಹರ ತನ್ನ ಮುರಿದ ಮದುವೆಯ ಮಾತು ಆಡಿದ್ದು ಆ ಎಣಿಕೆಯ ನಡುವೆಯೇ. ಊರಲ್ಲಿ ನುಂಗಿಕೊಂಡು ಬಂದದ್ದನ್ನೆಲ್ಲ ರಾಜಶ್ರೀ ಹೇಳಿ ಹಗುರಾದದ್ದೂ ಅಲ್ಲಿಯೇ. ಒಂದು ಪ್ರೊಸೆಸರೂ ಮತ್ತೆ ಒಡೆಯಲಿಲ್ಲ.

ಆಮೇಲೆ ರಾಜಶ್ರೀಗೆ ಮಾಸೂರಿನ ಹುಲಗೇಶನೊಂದಿಗೆ ಲಗ್ನವಾಯಿತು. ಹುಲಗೇಶ ಒಳ್ಳೆಯವನು, ಬೈದು ಸಮಾಧಾನ ಮಾಡಿಕೊಳ್ಳಲಿಕ್ಕೂ ಗೌಹರಳಿಗೆ ದಾರಿ ಉಳಿಯಲಿಲ್ಲ. ಕೂಸು, ಹೊಲದ ಕೆಲಸ, ಹಾವೇರಿಯಲ್ಲಿ ಬಸ್ಸು ಬದಲಿಸುವ ತಾಪತ್ರಯ. ನೋಡನೋಡುತ್ತ ಎರಡು ವರ್ಷ. ಎದುರಿನ ಸ್ಟೂಲಿನಲ್ಲಿ ಗೌಹರ ಯಾರನ್ನೂ ಕೂರಿಸಲಿಲ್ಲ, ಗಿರಾಕಿಗಳು ನಿಂತೇ ಇರುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ರಾಜಶ್ರೀ ನೆನಪಾಗಿ ಅರ್ಧ ರೊಟ್ಟಿ ಹಾಗೇ ಮನೆಗೆ ಮರಳುತ್ತಿತ್ತು.

ಗುರುವಾರ ಚಾಚಾ ಖಡಕ್ಕಾಗಿ ಹೇಳಿದರು. "ನಾಳೆ ಮಧ್ಯಾಹ್ನದೊಳಗ ಆಗ್ಲಿಲ್ಲಂದ್ರ ಬ್ಯಾರೆ ಕಡೆ ಒಯ್ತೇನಿ ನೋಡ ಬೇಟಿ."

ಗೌಹರ ತಕ್ಷಣ ಫೋನು ಹಚ್ಚಿದಳು. "ರಾಜಿ, ಒಂದು ಪ್ರೊಸೆಸರ್ ಐತಿ. ಒಬ್ಬಾಕಿ ಕೈಲೆ ಆಗವಲ್ದು. ಬರ್ತಿಯೇನು?"

"ನೋಡ್ತೇನಿ ಅಕ್ಕಾ."

ನೋಡ್ತೇನಿ ಎಂದವರು ಎಲ್ಲಿ ಬರುತ್ತಾರೆ ಎಂದು ಗೌಹರ ಆಸೆ ಬಿಟ್ಟಳು. ಆದರೆ ಶುಕ್ರವಾರ ಹತ್ತು ಗಂಟೆಗೆ ರಾಜಶ್ರೀ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಹೆಗಲಲ್ಲಿ ಭಾರದ ಚೀಲ. ಸೀದಾ ಆ ಸ್ಟೂಲಿನ ಮೇಲೆ ಕೂತು, ಕಪಾಟಿನಲ್ಲಿ ರಿಪೇರಿಯಾಗಿದ್ದ ಲ್ಯಾಪ್‌ಟಾಪುಗಳತ್ತ ನೋಡಿದಳು.

"ಇವನ್ನೆಲ್ಲಾ ಯಾರು ಕೂಡಿಸಿದ್ರು?"

"ನಾನ. ಎದುರುಬದರು ಮೂಲಿ ಪಾಳಿ ಪ್ರಕಾರ ತಿರುವಿದ್ರ ಒಬ್ಬಾಕಿಗೂ ಬರತೈತಿ."

"ಮತ್ತ ನನ್ನ್ಯಾಕ ಕರದ್ರಿ?"

"ನೀ ಎದುರಿಗೆ ಕುಂದರಬೇಕಾಗಿತ್ತು. ತಡಕೊಳ್ಳಾಕ ಆಗ್ಲಿಲ್ಲ."

ರಾಜಶ್ರೀ ಚೀಲ ಬಿಚ್ಚಿದಳು. ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಲ್ಯಾಪ್‌ಟಾಪು, ಅದರ ಹೀಟ್‌ಸಿಂಕು ಬೇರೆ, ಪುಟ್ಟ ಡಬ್ಬಿಯಲ್ಲಿ ನಾಲ್ಕು ಸ್ಕ್ರೂ. "ನಮ್ಮೂರ ಮಾಸ್ತರದ್ದು. ಮನ್ಯಾಗ ನಾನೂ ಒಬ್ಬಾಕೀನ ರಿಪೇರಿ ಮಾಡ್ತೇನಿ ಅಕ್ಕಾ. ಇದೊಂದನ್ನ ತಿಂಗಳಾತು, ಹಿಂಗ ಬಿಚ್ಚಿ ಇಟ್ಟೇನಿ."

ಮೊದಲು ಚಾಚಾರ ಲ್ಯಾಪ್‌ಟಾಪನ್ನು ಇಬ್ಬರೂ ಕೈಗೆತ್ತಿಕೊಂಡರು. ಒಂದು. ಎರಡು. ಗೌಹರ ಬೇಕೆಂದೇ ನಿಧಾನ ಎಣಿಸಿದಳು. ಎಷ್ಟು ನಿಧಾನ ಮಾಡಿದರೂ ಎಂಟಕ್ಕೆ ಸ್ಕ್ರೂ ನಿಂತವು.

ನಮಾಜಿಗೆ ಹೊರಟಿದ್ದ ಚಾಚಾ ಇಣುಕಿದರು. "ಹುಬ್ಬಳ್ಳಿ ಸಾಮಾನು ಬಂತೇನು ಕಡೀಗೂ?"

"ಬಂತ್ರಿ ಚಾಚಾ, ಮುಂಜಾನೆ ಬಸ್ಸಿಗೆ." ಗೌಹರ ಹೇಳಿದಳು. ರಾಜಶ್ರೀ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಕೂಸು ಅತ್ತೆಯ ಹತ್ತಿರ ಇತ್ತು, ಮೂರರ ಬಸ್ಸು ತಪ್ಪಿಸುವಂತಿರಲಿಲ್ಲ. ಗೌಹರ ಮಾಸ್ತರರ ಲ್ಯಾಪ್‌ಟಾಪಿಗೆ ಕೈ ಹಾಕಿದಾಗ ರಾಜಶ್ರೀ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ. ಇದು ಹಿಂಗ ಇಲ್ಲೇ ಇರಲಿ."

"ಮಾಸ್ತರ ಕೇಳಿದ್ರ?"

ರಾಜಶ್ರೀ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

"ಹುಬ್ಬಳ್ಳಿಯಿಂದ ಸಾಮಾನು ಬಂದಿಲ್ಲ ಅಂತೇನಿ."