ವಕೀಲರ ಕಾರಿನ ಹಿಂದಿನ ಸೀಟು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹಡೆದದ್ದು ಪುಣೆಯ ಆಸ್ಪತ್ರೆಯಲ್ಲಲ್ಲ, ನೆರೆಮನೆ ವಕೀಲರ ಕಾರಿನಲ್ಲಿ. ಮಂದಿ ಏನಾರ ಹೇಳಲಿ, ನಾನು ಪಕ್ಕದಲ್ಲೇ ಕೂತಿದ್ದೆ.

ದಿನಾ ಮುಂಜಾನೆ, ನಮ್ಮೆರಡೂ ಮನೆಗಳಿದ್ದ ಹಳೇ ವಾಡೆಯ ಅಂಗಳದಲ್ಲಿ ಧೋತರ ಎತ್ತಿ ಕಟ್ಟಿ, ವಕೀಲರೇ ಆ ಕಾರು ತೊಳೆಯುತ್ತಿದ್ದರು. ಆಳಿಗೂ ಮುಟ್ಟಗೊಡುತ್ತಿರಲಿಲ್ಲ. “ಎಮ್ಮಿಗೂ ಇಷ್ಟು ಉಪಚಾರ ಇಲ್ಲಲ್ರೀ,” ಎಂದು ನಾನು ನಗುತ್ತಿದ್ದೆ. ಕಾಗೆ ಹೇತರೂ, ಕೆಸರು ಸಿಡಿದರೂ ಅವರದು ಒಂದೇ ಮಾತು: “ಒರಸಿದ್ರ ಹೋಗ್ತದ್ರಿ.”

ನೆಗೆಣ್ಣಿಗೆ ಹೆರಿಗೆ ನೋವು ಎದ್ದ ದಿನ ವಕೀಲರೇ ಕಾರು ತೆಗೆದರು. ಆಸ್ಪತ್ರೆಯ ಅರ್ಧ ದಾರಿಯಲ್ಲೇ ಕೂಸು ಹೊರಬಂತು. ಸೀಟೆಲ್ಲಾ ರಕ್ತ.

“ನಿಮ್ಮ ಕಾರು ಮೈಲಿಗಿ ಮಾಡಿದೆರೀ,” ಎಂದು ನೆಗೆಣ್ಣಿ ಅತ್ತಳು.

“ಒರಸಿದ್ರ ಹೋಗ್ತದವ್ವಾ. ಕೂಸಿನ್ನ ಮೊದಲ ಬೆಚ್ಚಗ ಹಿಡಿ,” ಅಂದರು ವಕೀಲರು. ಗಾಡಿ ಮಾತ್ರ ನಿಲ್ಲಿಸಲಿಲ್ಲ. ತಾಯಿ, ಕೂಸು ಇಬ್ಬರೂ ಉಳಿದರು.

ಮರುದಿನ ಮುಂಜಾನೆ ಬಕೀಟು ತುಂಬಿಕೊಂಡು ಹೋದೆ. ವಕೀಲರು ಸರಿದು ನಿಂತು, ಒರಸುವ ಬಟ್ಟೆ ನನ್ನ ಕೈಗೆ ಕೊಟ್ಟರು. ಆ ಸೀಟು ನಾನೇ ತಿಕ್ಕಿ ತೊಳೆದೆ.